‘ಹ್ಯಾವ್’ ಕಲಿಸಿದ ನನ್ನ ಅನುಭವ

ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸತೊಡಗಿದ ಮೊದಲ ವರ್ಷಗಳಲ್ಲಿ ನಾನು ‘ಹ್ಯಾವ್’ ಎಂಬ ಕ್ರಿಯಾಪದಕ್ಕೆ ‘ಹೊಂದಿರು’ ಎಂಬ ಒಂದೇ ಅರ್ಥವನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ. ಅದು ತಪ್ಪಲ್ಲ; ಆದರೆ ‘ನಾನು ಇಬ್ಬರು ತಂಗಿಯರನ್ನು ಹೊಂದಿದ್ದೇನೆ’ ಎಂದು ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ, ‘ನನಗೆ ಇಬ್ಬರು ತಂಗಿಯರಿದ್ದಾರೆ’ ಎನ್ನುತ್ತಾರೆ. ಮಕ್ಕಳು ಈ ಮಾತನ್ನೇ ಮನಸ್ಸಿನಲ್ಲಿಟ್ಟುಕೊಂಡು ‘ಟು ಮಿ ಟೂ ಸಿಸ್ಟರ್ಸ್ ಆರ್’ ಎಂದು ಬರೆದಾಗ ನಾನು ಕೆಂಪು ಶಾಯಿಯ ಗೀಟು ಎಳೆಯುತ್ತಿದ್ದೆನೇ ಹೊರತು, ಆ ತಪ್ಪು ಹುಟ್ಟಿದ್ದು ಎಲ್ಲಿ ಎಂದು ಯೋಚಿಸುತ್ತಿರಲಿಲ್ಲ.

ಯೋಚಿಸಿದ ಮೇಲೆ ಪಾಠವನ್ನು ಕನ್ನಡದಿಂದಲೇ ಆರಂಭಿಸಿದೆ. ಒಡೆತನವನ್ನು ಹೇಳಲು ನಮಗೆ ‘ಇರು’ ಧಾತುವೇ ಸಾಕು, ಭೇದವನ್ನು ತೋರಿಸುವುದು ಅದರ ಜೊತೆಗಿನ ಪದ: ತಂಗಿಗೂ ಜ್ವರಕ್ಕೂ ‘ನನಗೆ’, ಪೆನ್ನಿಗೂ ದುಡ್ಡಿಗೂ ‘ನನ್ನ ಹತ್ತಿರ’, ತಾಳ್ಮೆಯಂತಹ ಗುಣಕ್ಕೆ ‘ಅವಳಲ್ಲಿ’. ಇಂಗ್ಲಿಷಿನ ‘ಹ್ಯಾವ್’ ಈ ಎಲ್ಲ ಕಡೆಯೂ ಒಡೆಯನನ್ನೇ ಕರ್ತೃವಾಗಿಸುತ್ತದೆ. ಆದ್ದರಿಂದ ನಮ್ಮ ಕ್ರಿಯಾಪದವು ತಂಗಿಯರನ್ನು ಅನುಸರಿಸಿ ‘ಇದ್ದಾರೆ’ ಎಂದಾದರೆ, ಅವರದು ಒಡೆಯನನ್ನು ಅನುಸರಿಸಿ ‘ಐ ಹ್ಯಾವ್’, ‘ಷಿ ಹ್ಯಾಸ್’ ಎಂದಾಗುತ್ತದೆ. ಮಕ್ಕಳು ತಮ್ಮದೇ ಉದಾಹರಣೆಗಳಿಂದ ಇದನ್ನು ಕಂಡುಕೊಂಡ ಬಳಿಕ ‘ಷಿ ಹ್ಯಾವ್’ ಎಂಬ ತಪ್ಪು ನನ್ನ ತರಗತಿಯಲ್ಲಿ ವಿರಳವಾಯಿತು.

ಇನ್ನೊಂದು ಹೋಲಿಕೆ ನನಗೆ ಬಹಳ ಪ್ರಿಯವಾದದ್ದು. ‘ಐ ಹ್ಯಾವ್ ಸೀನ್’ ಎಂಬಲ್ಲಿ ‘ಹ್ಯಾವ್’ ಒಡೆತನವನ್ನು ಬಿಟ್ಟು ಸಹಾಯಕ ಕ್ರಿಯಾಪದವಾಗಿದೆ. ‘ನೋಡಿದ್ದೇನೆ’ ಎಂಬುದನ್ನು ಬಿಡಿಸಿದರೆ ಅಲ್ಲಿಯೂ ‘ನೋಡಿ’, ‘ಇದ್ದೇನೆ’ ಎಂದು ನಮ್ಮ ‘ಇರು’ವೇ ಸಿಗುತ್ತದೆ. ಎರಡು ಭಾಷೆಗಳೂ ಒಡೆತನದ ಮಾತನ್ನೇ ಈ ಕೆಲಸಕ್ಕೂ ಹಚ್ಚಿವೆ.

‘ಹ್ಯಾವ್ ಟು ಗೋ’ ಎಂದರೆ ‘ಹೋಗಬೇಕು’ ಎಂಬುದು ಸುಲಭ. ಅದರ ನಿಷೇಧರೂಪವಾದ ‘ಡೋಂಟ್ ಹ್ಯಾವ್ ಟು ಗೋ’ ಎಂಬುದಕ್ಕೆ ‘ಹೋಗಬೇಕಾಗಿಲ್ಲ’ ಎಂದರ್ಥವೇ ವಿನಾ ‘ಹೋಗಬಾರದು’ ಎಂದಲ್ಲ ಎಂಬುದನ್ನು ಮಾತ್ರ ಪ್ರತಿವರ್ಷವೂ ಒತ್ತಿ ಹೇಳುತ್ತೇನೆ.

ಕೊನೆಗೆ ಉಳಿಯುವುದು ಬೇರೆಯವರಿಂದ ಕೆಲಸ ಮಾಡಿಸುವ ಅರ್ಥ. ನಮ್ಮ ‘ಇಸು’ ಪ್ರತ್ಯಯವು ‘ಹೊಲಿಸಿದೆ’, ‘ಕಟ್ಟಿಸಿದರು’ ಎಂಬಲ್ಲಿ ಮಾಡುವ ಕೆಲಸವನ್ನು ಅಲ್ಲಿ ‘ಹ್ಯಾಡ್’ ಮಾಡುತ್ತದೆ. ‘ಅಪ್ಪ ಮನೆ ಕಟ್ಟಿಸಿದರು’ ಎಂಬುದಕ್ಕೆ ‘ಮೈ ಫಾದರ್ ಹ್ಯಾಡ್ ಎ ಹೌಸ್ ಬಿಲ್ಟ್’ ಎಂದು ಬರೆಸಿದ ದಿನ, ಗಾರೆ ಕೆಲಸದವರ ಮಗನೊಬ್ಬ ಎದ್ದು ನಿಂತು, ‘ಸಾರ್, ನಮ್ಮಪ್ಪ ಕಟ್ಟಿಸಿದ್ದಲ್ಲ, ಕಟ್ಟಿದ್ದು’ ಎಂದ. ಅವನ ಪುಸ್ತಕದಲ್ಲಿ ‘ಹ್ಯಾಡ್’ ಎಂಬುದನ್ನು ಹೊಡೆದುಹಾಕಿ, ‘ಮೈ ಫಾದರ್ ಬಿಲ್ಟ್ ಎ ಹೌಸ್’ ಎಂದು ನಾನೇ ಬರೆದುಕೊಟ್ಟೆ.