ದೋಹಾಕ್ಕೆ ಹೊಸದಾಗಿ ಬಂದಿದ್ದೀರಾ? ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಲಿ

ಇಲ್ಲಿಗೆ ಬಂದವರೆಲ್ಲ ಮೊದಲ ರಜೆಗೇ ಮೆಟ್ರೋ ಹತ್ತಿ, ವಿಶ್ವಕಪ್‌ಗೆಂದು ಕಟ್ಟಿದ ಲುಸೈಲ್ ಸ್ಟೇಡಿಯಂ ನೋಡಲು ಹೋಗುತ್ತಾರೆ. ನೀವೂ ಹೋಗಿ ಬನ್ನಿ. ಅದರ ಜೊತೆಗೆ ಅದನ್ನು ಕಟ್ಟಿದವರು ಹೇಗಿದ್ದರು ಅನ್ನುವುದನ್ನೂ ತಿಳಿದುಕೊಳ್ಳಿ.

2010ರಲ್ಲಿ ಕತಾರ್‌ಗೆ 2022ರ ಫುಟ್‌ಬಾಲ್ ವಿಶ್ವಕಪ್ ಸಿಕ್ಕಿತು. ಅದಾದ ಸ್ವಲ್ಪ ದಿನಕ್ಕೇ ನಾನು ಬಂದೆ. ಆಗ ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ, ಒಪ್ಪದೆ ಕೆಲಸ ಬದಲಿಸುವಂತಿರಲಿಲ್ಲ, ಊರಿಗೂ ಹೋಗುವಂತಿರಲಿಲ್ಲ. ನಮ್ಮ ರೂಮಿನಲ್ಲಿ ಕಲಬುರಗಿ ಕಡೆಯ ಹುಡುಗನೊಬ್ಬನಿದ್ದ. ಅಪ್ಪ ತೀರಿಕೊಂಡ ಸುದ್ದಿ ಬಂತು. ದೇಶ ಬಿಡಲು ಬೇಕಾದ ಎಕ್ಸಿಟ್ ಪರ್ಮಿಟ್ ಕೈಗೆ ಬರುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಅಪ್ಪನ ಮಣ್ಣಿಗೂ ಹೋಗಲಾಗಲಿಲ್ಲ ಅವನಿಗೆ.

2021ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿತು. ಹತ್ತು ವರ್ಷದಲ್ಲಿ ದಕ್ಷಿಣ ಏಷ್ಯಾದ ಐದು ದೇಶಗಳ 6,500ಕ್ಕೂ ಜಾಸ್ತಿ ಜನ ಕತಾರ್‌ನಲ್ಲಿ ಸತ್ತಿದ್ದರು. ಅದರಲ್ಲಿ 2,711 ಮಂದಿ ಭಾರತದವರು. ಎಲ್ಲರೂ ಸ್ಟೇಡಿಯಂ ಕೆಲಸದವರಲ್ಲ, ನಿಜ. ಆದರೆ ಹೆಚ್ಚಿನವರ ಕಾಗದದಲ್ಲಿ 'ಸಹಜ ಸಾವು' ಎಂದಷ್ಟೇ ಬರೆದಿತ್ತು. ಮೆಡಿಕಲ್ ಪಾಸಾಗಿ ಬಂದ ಗಟ್ಟಿಮುಟ್ಟಾದ ಹುಡುಗರು ಮಲಗಿದಲ್ಲೇ ಸಾಯುವುದು ಸಹಜವಾ? ಹಾಗೆ ಬರೆದರೆ ಮನೆಯವರಿಗೆ ಪರಿಹಾರವೂ ಇಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ.

ಇಷ್ಟೆಲ್ಲ ಆದ ಮೇಲೆ ಕಾನೂನು ಬದಲಾಯಿತು. 2018ರಿಂದ ಹೆಚ್ಚಿನವರಿಗೆ ಎಕ್ಸಿಟ್ ಪರ್ಮಿಟ್ ಬೇಕಿಲ್ಲ. 2020ರಿಂದ ಎನ್‌ಒಸಿ (ಹಳೆ ಕಂಪನಿಯ ಒಪ್ಪಿಗೆ ಪತ್ರ) ಇಲ್ಲದೆ, ನೋಟಿಸ್ ಕೊಟ್ಟು ಕೆಲಸ ಬದಲಿಸಬಹುದು. ಕನಿಷ್ಠ ಸಂಬಳ ತಿಂಗಳಿಗೆ 1,000 ರಿಯಾಲ್. ಕಂಪನಿ ರೂಮು, ಊಟ ಕೊಡದಿದ್ದರೆ ಅದಕ್ಕೆ 500, 300 ಬೇರೆ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3:30ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಮಾಡಿಸಿದರೆ ಸುಮ್ನೆ ಇರಬೇಡಿ.

ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವುದು ತಪ್ಪು, 25,000 ರಿಯಾಲ್ ತನಕ ದಂಡವಿದೆ. 'ಸೇಫಾಗಿ ಇಡ್ತೀವಿ' ಅಂದರೂ ಕೊಡಬೇಡಿ. ಊರಲ್ಲಿ ಸಹಿ ಹಾಕಿದ ಕಾಂಟ್ರಾಕ್ಟ್, ಇಲ್ಲಿ ಕೊಟ್ಟದ್ದು, ಎರಡರ ಫೋಟೋ ತೆಗೆದು ಮನೆಯವರಿಗೆ ಕಳಿಸಿ. ಸಂಬಳದ ಅಂಕಿ ಬೇರೆಯಿದ್ದರೆ ಸಹಿ ಹಾಕಬೇಡಿ. ಸಂಬಳ ಬ್ಯಾಂಕಿಗೇ ಬರಬೇಕು. ಬರದಿದ್ದರೆ ಮೂರ್ನಾಲ್ಕು ತಿಂಗಳು ಕಾಯಬೇಡಿ, ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಿ. ಒಬ್ಬರೇ ಹೋಗಲು ಹೆದರಿಕೆಯಾದರೆ ನಮ್ಮಲ್ಲಿ ಯಾರನ್ನಾದರೂ ಕರೆಯಿರಿ, ಜೊತೆಗೆ ಬರುತ್ತೇವೆ. ನಮ್ಮ ರಾಯಭಾರ ಕಚೇರಿಯೂ ಇದೆ.

ಇನ್ನೊಂದು ಮಾತು. 2034ರ ವಿಶ್ವಕಪ್ ಸೌದಿಗೆ ಸಿಕ್ಕಿದೆ. ಊರಲ್ಲಿ ತಮ್ಮನೋ ಭಾವನೋ ಅಲ್ಲಿಗೆ ಹೊರಟರೆ ಇವತ್ತೇ ಫೋನ್ ಮಾಡಿ. ಲೈಸೆನ್ಸ್ ಇರುವ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಲಕ್ಷ ಕೇಳಿದರೆ ಹೊಲ ಅಡ ಇಡಬೇಡ ಎಂದು ಹೇಳಿ.