ಊರಲ್ಲೇ ಒಂದು ಡ್ಯಾನ್ಸ್ ಸಿನಿಮಾ ಸಂಜೆ ಮಾಡೋದು ಹೇಗೆ

ಶಿವಮೊಗ್ಗದಲ್ಲಿ ಭರತನಾಟ್ಯ ಕಲಿಸೋರಿಗೆ ಬರ ಇಲ್ಲ, ಸಾಗರ ತೀರ್ಥಹಳ್ಳಿ ಕಡೆ ಯಕ್ಷಗಾನದ ಹುಚ್ಚರು ಮನೆಗೊಬ್ರು, ಸಿನಿಮಾ ನೋಡೋರಂತೂ ಎಲ್ಲಾ ಕಡೆ ಇದಾರೆ. ಇಲ್ಲದೆ ಇರೋದು ಅಂದ್ರೆ ಇವರನ್ನೆಲ್ಲ ಒಂದು ಸಂಜೆ ಒಂದೇ ಹಾಲ್‌ನಲ್ಲಿ ಕೂರಿಸಿ ಡ್ಯಾನ್ಸ್ ಸಿನಿಮಾ, ಅಂದ್ರೆ ಕುಣಿತವೇ ಜೀವಾಳ ಆಗಿರೋ ಸಿನಿಮಾ, ತೋರಿಸೋ ಜನ. ಆ ಕೆಲಸಕ್ಕೆ ಕುಣಿಯೋಕೆ ಬರಬೇಕು ಅಂತೇನಿಲ್ಲ, ಕ್ಯಾಮೆರಾನೂ ಬೇಡ. ನ್ಯೂಯಾರ್ಕ್‌ನಲ್ಲಿ ಸೂಸನ್ ಬ್ರಾನ್ ಅನ್ನೋರು 1956ರಲ್ಲಿ ಡ್ಯಾನ್ಸ್ ಫಿಲ್ಮ್ಸ್ ಅಸೋಸಿಯೇಷನ್ ಅಂತ ಶುರು ಮಾಡಿದ್ರು, 1971ರಿಂದ ಡ್ಯಾನ್ಸ್ ಸಿನಿಮಾಗಳಿಗೆ ಅಂತಲೇ ಒಂದು ಉತ್ಸವ ನಡೆಸೋಕೆ ಹಿಡಿದ್ರು. ಯಾವ ಸಿನಿಮಾ ಎಲ್ಲಿದೆ ಅಂತ ಹುಡುಕೋದು, ಪಟ್ಟಿ ಮಾಡೋದು, ತೋರ್ಸೋದು, ಇದೇ ಕೆಲಸ. ನಮ್ಮಲ್ಲೂ ಇಂಥದ್ದು ಹೊಸತಲ್ಲ ಬಿಡಿ, ಹೆಗ್ಗೋಡಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಂ ಚಿತ್ರಸಮಾಜ ಅಂತ ಫಿಲ್ಮ್ ಸೊಸೈಟಿ ಮಾಡಿ ಹಳ್ಳಿ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದ್ರು.

ಮೊದ್ಲು ದಿನ ನೋಡ್ಕೊಳ್ಳಿ. ದೀಪಾವಳಿ ಆದ್ಮೇಲೆ ಯಕ್ಷಗಾನ ಮೇಳಗಳು ಆಟಕ್ಕೆ ಹೊರಡ್ತವೆ, ಅಡಿಕೆ ಕೊಯ್ಲು ಸುಲಿಯೋದು ಬೇರೆ, ಆಗ ಯಾರೂ ಬರಲ್ಲ. ಮಳೆಗಾಲ ಸರಿ, ವೇಷ ಕುಣಿತ ಇಲ್ಲದೆ ಕೂತು ನಡೆಸೋ ತಾಳಮದ್ದಳೆಯ ಕಾಲ, ಮನೆಯೊಳಗೆ ಕೂತು ಬೇಜಾರಾಗಿರೋ ಜನ. ಆದ್ರೆ ಶೀಟ್ ಹೊದಿಸಿದ ಹಾಲ್ ಮಾತ್ರ ಬೇಡವೇ ಬೇಡ, ಆಷಾಢದ ಮಳೆ ಶೀಟ್ ಮೇಲೆ ಬಿದ್ರೆ ಮೃದಂಗ ಇರ್ಲಿ ಪಕ್ಕದಲ್ಲಿ ಕೂತವರ ಮಾತೂ ಕೇಳಲ್ಲ. ಹಂಚಿನ ಮಾಡು ಅಥವಾ ಆರ್‌ಸಿಸಿ ಇರೋ ಶಾಲೆ, ಸಂಘದ ಕೋಣೆ ಹಿಡೀರಿ. ಶುರು ಮಾಡೋ ಟೈಮನ್ನ ಕೊನೇ ಬಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಿ.

ಈಗ ಏನು ತೋರ್ಸೋದು. ತುಂಬಾ ಜನ ಇಲ್ಲೇ ಎಡವೋದು, ದೊಡ್ಡದು ತಗೊಂಡ್ರೆನೇ ಗೌರವ ಅಂದ್ಕೊಂಡು ನೃತ್ಯಗಾರ ಉದಯಶಂಕರ್ ಅವರ ಕಲ್ಪನಾ ಸಿನಿಮಾ ಹಾಕಿಬಿಡ್ತಾರೆ. 1948ರದ್ದು, ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತೆಗೆದಿದ್ದು, ರಿಪೇರಿ ಆದ ಪ್ರಿಂಟು 2012ರಲ್ಲಿ ಕಾನ್ ಉತ್ಸವದಲ್ಲಿ ಬಂತು, ಅದ್ಭುತನೇ, ಆದ್ರೆ ಎರಡೂವರೆ ಗಂಟೆ. ಅದನ್ನ ಮೂರನೇ ನಾಲ್ಕನೇ ಸಲಕ್ಕೆ ಇಟ್ಕೊಳ್ಳಿ. ಮೊದಲ ಸಂಜೆಗೆ ಚಿಕ್ಕದು. ಅಮೆರಿಕದ ಮಾಯಾ ಡೆರೆನ್ ಅನ್ನೋ ನಿರ್ದೇಶಕಿ 1945ರಲ್ಲಿ ತೆಗೆದ ಒಂದು ಸಿನಿಮಾ ಇದೆ, ಎ ಸ್ಟಡಿ ಇನ್ ಕೊರಿಯೋಗ್ರಫಿ ಫಾರ್ ಕ್ಯಾಮೆರಾ, ಮೂರು ನಿಮಿಷ ಇರ್ಬಹುದು, ಸೌಂಡೇ ಇಲ್ಲ. ಟ್ಯಾಲಿ ಬೀಟಿ ಅನ್ನೋ ಡ್ಯಾನ್ಸರ್ ಕಾಡಲ್ಲಿ ಕಾಲೆತ್ತುತ್ತಾರೆ, ಆ ಕಾಲು ಇಳಿಯೋದು ಒಂದು ಮನೆಯೊಳಗೆ. ಕಾಡು ಮನೆ ಎರಡನ್ನೂ ಒಂದೇ ಹೆಜ್ಜೆ ಸೇರಿಸತ್ತೆ, ಸ್ಟೇಜ್ ಮೇಲೆ ಇದು ಆಗೋದೇ ಇಲ್ಲ. ಇದನ್ನ ಎರಡು ಸಲ ಹಾಕಿ, ಒಂದೇ ಸಲಕ್ಕೆ ಯಾರಿಗೂ ಗೊತ್ತಾಗಲ್ಲ.

ಆಮೇಲೆ ಸತ್ಯಜಿತ್ ರಾಯ್ ಅವರ ಬಾಲಾ, 1976ರದ್ದು, ಸುಮಾರು ಅರ್ಧ ಗಂಟೆ. ನಮ್ಮ ಜನಕ್ಕೆ ಇದನ್ನ ತೋರಿಸಲೇಬೇಕು ಅಂತ ನನ್ನ ಹಠ, ಯಾಕಂದ್ರೆ ಅದರಲ್ಲಿ ಭರತನಾಟ್ಯದ ಬಾಲಸರಸ್ವತಿಯವರು ಸಮುದ್ರದ ದಂಡೆ ಮೇಲೆ ಅಭಿನಯಿಸೋದು 'ಕೃಷ್ಣಾ ನೀ ಬೇಗನೆ ಬಾರೋ', ವ್ಯಾಸರಾಯರ ಕನ್ನಡ ಪದ. ಕುಣಿಯೋರು ತಮಿಳರು, ತೆಗೆಯೋರು ಬಂಗಾಳಿ, ಪದ ನಮ್ಮದು. ಬಾಲಸರಸ್ವತಿ 1918ರಲ್ಲಿ ಹುಟ್ಟಿದವರು, ಅಂದ್ರೆ ಆಗ ಅರವತ್ತರ ಹತ್ತಿರ. ಗಾಳಿಗೆ ಸೀರೆ ಹಾರ್ತಾ ಇರತ್ತೆ, ಅವರು ಅದಕ್ಕೆ ಕ್ಯಾರೇ ಅನ್ನದೆ ಮಗುನ ಕರೀತಾನೇ ಇರ್ತಾರೆ. ಡ್ಯಾನ್ಸ್ ಟೀಚರ್‌ಗಳು ಆ ಜಾಗದಲ್ಲಿ ಕಡಲತೀರ ಬೇಕಿತ್ತಾ, ವೇದಿಕೆನೇ ಸಾಕಿತ್ತಲ್ವಾ ಅಂತ ಜಗಳ ತೆಗೀಬಹುದು, ತೆಗೀಲಿ, ಅದಕ್ಕೇ ಅಲ್ವಾ ಕರೆದಿದ್ದು.

ಪರ್ಮಿಷನ್ ವಿಷ್ಯ ಬೇಜಾರಿಂದು ಆದ್ರೆ ಬಿಡೋ ಹಾಗಿಲ್ಲ. ನಮ್ಮ ದೇಶದಲ್ಲಿ ಸಿನಿಮಾ ಹಕ್ಕು ಬಿಡುಗಡೆ ಆದ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಇರತ್ತೆ. ಯೂಟ್ಯೂಬಲ್ಲಿ ಸಿಕ್ತು ಅಂದ ಮಾತ್ರಕ್ಕೆ ಹಾಲ್‌ನಲ್ಲಿ ಹಾಕ್ಬಹುದು ಅಂತಲ್ಲ, ಟಿಕೆಟ್ ಇಲ್ಲದಿದ್ರೂ ಅಷ್ಟೇ. ಬಾಲಾ ಸಿನಿಮಾನ ಮುಂಬೈಯ ಎನ್‌ಸಿಪಿಎ (ನ್ಯಾಷನಲ್ ಸೆಂಟರ್ ಫಾರ್ ದಿ ಪರ್ಫಾರ್ಮಿಂಗ್ ಆರ್ಟ್ಸ್) ಮತ್ತು ತಮಿಳುನಾಡು ಸರ್ಕಾರ ಸೇರಿ ಮಾಡಿಸಿದ್ದು, ಹಾಗಾಗಿ ಕಾಗದ ಬರೆಯೋದು ಅಲ್ಲಿಂದ ಶುರು ಮಾಡಿ, ಎರಡು ತಿಂಗಳು ಮೊದಲೇ. ಹಳೇ ಸಿನಿಮಾ ಆದ್ರೂ ರಿಪೇರಿ ಮಾಡಿದ ಪ್ರತಿ ಯಾರ ಹತ್ರ ಇದೆಯೋ ಅವರನ್ನ ಕೇಳಿ.

ಪ್ರೊಜೆಕ್ಟರ್ ಬೆಳಕು 3000 ಲ್ಯೂಮೆನ್ಸ್‌ಗಿಂತ ಕಮ್ಮಿ ಬೇಡ, ಕಿಟಕಿಗೆ ಕಪ್ಪು ಬಟ್ಟೆ, ಪಿಚ್ಚರು ಪೆನ್‌ಡ್ರೈವಲ್ಲಿ ಇರ್ಲಿ, ನೆಟ್‌ವರ್ಕ್ ನಂಬ್ಕೊಂಡು ಕೂರ್ಬೇಡಿ. ಕರೆಂಟ್ ಹೋಗೇ ಹೋಗತ್ತೆ. ಲ್ಯಾಂಪ್ ಇರೋ ಪ್ರೊಜೆಕ್ಟರ್ ದಿಢೀರ್ ಆಫ್ ಆದ್ರೆ ಫ್ಯಾನ್ ನಿಂತು ಲ್ಯಾಂಪ್‌ಗೆ ಏಟು, ಅದಕ್ಕೆ ನಡುವೆ ಒಂದು ಯುಪಿಎಸ್ ಇರ್ಲಿ. ಇನ್ನೊಂದು, ಪರದೆ ಎತ್ತರಕ್ಕೆ ಕಟ್ಟಿ. ಬೇರೆ ಸಿನಿಮಾದಲ್ಲಿ ಮುಖ ಕಂಡ್ರೆ ಸಾಕು, ಇಲ್ಲಿ ಹಿಂದಿನ ಸಾಲಿನವರಿಗೆ ಪಾದ ಕಾಣ್ಬೇಕು.

ಭಾಷಣ ಐದು ನಿಮಿಷ. ಸನ್ಮಾನ, ಹಾರ, ಶಾಲು ಎಲ್ಲ ಇನ್ನೊಂದು ದಿನ ಇಟ್ಕೊಳ್ಳಿ ದಯವಿಟ್ಟು. ಸಿನಿಮಾ ಮುಗಿದ್ಮೇಲೆ ಚಹಾ ಕೊಟ್ಟು ಮೊದಲು ಒಬ್ಬ ಯಕ್ಷಗಾನದ ವೇಷಧಾರಿನ ಮಾತಾಡ್ಸಿ, ಮೈಯಲ್ಲಿ ಕುಣಿತ ಇರೋರು ನೋಡೋದೇ ಬೇರೆ ಥರ.

ಕೊನೇ ಹತ್ತು ಹದಿನೈದು ನಿಮಿಷ ಊರಿನ ರೆಕಾರ್ಡಿಂಗ್‌ಗೆ ಬಿಡಿ. ಬಡಗುತಿಟ್ಟಿನ (ಯಕ್ಷಗಾನದ ಬಡಗು ಶೈಲಿಯ) ಆಟ, ಡೊಳ್ಳು ಕುಣಿತ, ಯಾರ್ಯಾರ ಫೋನಲ್ಲೋ ಹಳೇ ಕ್ಯಾಸೆಟಲ್ಲೋ ಬೇಕಾದಷ್ಟು ಬಿದ್ದಿರತ್ತೆ, ಎಲ್ಲಿ ಯಾವಾಗ ತೆಗೆದಿದ್ದು ಅಂತ ಮಾತ್ರ ಬರೆದಿರಲ್ಲ. ಹಾಲ್‌ನಲ್ಲಿ ಹಾಕಿದಾಗ ಯಾರಾದ್ರೂ ಎದ್ದು ಭಾಗವತರು ಇವರು, ಮದ್ದಳೆ ಅವರು, ಆ ವರ್ಷದ ಆಟ ಅಂತ ಹೇಳೇ ಹೇಳ್ತಾರೆ. ಒಬ್ಬರನ್ನ ಬರ್ಕೊಳ್ಳೋಕೆ ಅಂತಲೇ ಕೂರ್ಸಿ, ಜಾಗ, ತಾರೀಕು, ಪ್ರಸಂಗ, ಕಲಾವಿದರ ಹೆಸರು ಎಲ್ಲಾ ಫೈಲ್ ಹೆಸರಲ್ಲೇ ಬರಲಿ. ನಮ್ಮ ಥಂಡಿಗೆ ವಿಡಿಯೋ ಕ್ಯಾಸೆಟಿಗೆ ಬೂಸ್ಟು ಹಿಡಿಯತ್ತೆ, ಹಿಡಿದಿದ್ದನ್ನ ಪ್ಲೇಯರ್‌ಗೆ ಹಾಕ್ಲೇಬೇಡಿ, ಮೆಷಿನ್ ಹೆಡ್ಡೂ ಹಾಳಾಗತ್ತೆ, ಕ್ಲೀನ್ ಮಾಡೋಕೆ ಗೊತ್ತಿರೋರಿಗೇ ಕೊಡಿ. ಫೈಲ್ ಮಾಡಿದ್ಮೇಲೆ ಎರಡು ಹಾರ್ಡ್ ಡಿಸ್ಕ್, ಸಿಲಿಕಾ ಜೆಲ್ ಹಾಕಿ ಗಾಳಿಯಾಡದ ಡಬ್ಬೀಲಿ, ಎರಡೂ ಬೇರೆ ಬೇರೆ ಮನೇಲಿ.