ಹಲ್ಲಿ ಆಮೇಲೆ, ಮೊದಲು ಅದರ ಮನೆ

‘ಗೋಡೆ ಮೇಲೆ ಪುಕ್ಕಟೆ ಓಡಾಡೋದು ಸಾಲದು ಅಂತ ದುಡ್ಡು ಕೊಟ್ಟು ಬೇರೆ ಹಲ್ಲಿ ತರ್ತೀಯೇನೇ?’ ಅಂದರು ನಮ್ಮತ್ತೆ. ಹಲ್ಲಿ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಅಂತ ನೆಲ ಕುಟ್ಟುವ ಮನೆ ನಮ್ಮದು. ಆದರೂ ಒಂಬತ್ತನೇ ಕ್ಲಾಸಿನ ಮಗನ ಹಟಕ್ಕೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಫ್ಲ್ಯಾಟಿಗೆ ಲೆಪರ್ಡ್ ಗೆಕೊ ಎನ್ನುವ ಚುಕ್ಕೆ ಚುಕ್ಕೆಯ ಸಾಕುಹಲ್ಲಿ ಬಂತು. ಹಾಗೆ ತರಲು ಹೊರಟವರಿಗೆ ನನ್ನದು ಒಂದೇ ಮಾತು: ಗಾಜಿನ ತೊಟ್ಟಿಯನ್ನು ಖಾಲಿಯಾಗಿಯೇ ಒಂದು ವಾರ ನಡೆಸಿ ನೋಡಿ. ಹಲ್ಲಿ ಆಮೇಲೆ ಬರಲಿ.

ಅದಕ್ಕೂ ಮುಂಚೆ ಕಾಗದದ ಕೆಲಸವಿದೆ. ಈ ಹಲ್ಲಿಯ ಮೂಲ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ನಮ್ಮ ವಾಯವ್ಯ ಭಾಗದ ಒಣ ಕಲ್ಲುನೆಲ. ಇದರ ಹತ್ತಿರದ ನೆಂಟ ಯುಬ್ಲೆಫಾರಿಸ್ ಫಸ್ಕಸ್ ಎಂಬ ಹಲ್ಲಿ ಮಹಾರಾಷ್ಟ್ರದಲ್ಲೇ ಇದೆ. ಕಾಡಿನದನ್ನು ಹಿಡಿಯುವುದಾಗಲಿ, ಹಿಡಿದವರಿಂದ ಕೊಳ್ಳುವುದಾಗಲಿ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ ಅನ್ನೋದು ನೆನಪಿರಲಿ. ಮಾರುವವರ ಹತ್ತಿರ ಇದು ಸಾಕಣೆಯಲ್ಲೇ ಹುಟ್ಟಿದ್ದು ಅನ್ನುವ ದಾಖಲೆ ಕೇಳಿ. ಅದನ್ನು ಹಿಡಿದು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ಸಾಕಬಹುದೇ ಎಂದು ಬರಹದಲ್ಲೇ ಉತ್ತರ ಪಡೆಯಿರಿ. ಉತ್ತರ ಬರುವ ತನಕ ದುಡ್ಡು ಕೊಡಬೇಡಿ.

ಈಗ ತೊಟ್ಟಿ. ಗೋಡೆಯ ಹಲ್ಲಿಗೂ ಇದಕ್ಕೂ ಎರಡು ದೊಡ್ಡ ವ್ಯತ್ಯಾಸ. ಇದಕ್ಕೆ ಕಣ್ಣು ಮುಚ್ಚುವ ರೆಪ್ಪೆ ಇದೆ, ಕಾಲಿನಲ್ಲಿ ಅಂಟುವ ಮೆತ್ತೆ ಇಲ್ಲ. ಹಾಗಾಗಿ ಗಾಜು ಹತ್ತಲಾರದು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಒಂದು ಹಲ್ಲಿಗೆ ಸಾಕು. ಅಕ್ವೇರಿಯಂ ಅಂಗಡಿಯವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಮೇಲ್ಮುಚ್ಚಳ ಮಾತ್ರ ಗಾಜಿನದು ಬೇಡ, ಜಾಲರಿಯದ್ದೇ ಇರಲಿ. ‘ಪಾಪ, ಒಂಟಿ’ ಎಂದು ಜೋಡಿ ತರಬೇಡಿ. ಎರಡು ಗಂಡು ಒಟ್ಟಿಗಿದ್ದರೆ ಕಚ್ಚಾಟ ಖಂಡಿತ.

ನೆಲಕ್ಕೆ ಮರಳು ಹಾಕಿದರೆ ಮರುಭೂಮಿಯಂತೆ ಚೆಂದ ಕಾಣುತ್ತದೆ, ನಿಜ. ಆದರೆ ಹುಳದ ಜೊತೆ ಮರಳೂ ಹೊಟ್ಟೆಗೆ ಹೋಗಿ ಕರುಳು ಕಟ್ಟಿಕೊಳ್ಳಬಹುದು. ಮೊದಲ ಕೆಲವು ತಿಂಗಳು ಕಿಚನ್ ಟವೆಲ್ ಸಾಕು. ನಾವು ಆಮೇಲೆ ಬಾತ್‌ರೂಮ್ ರಿಪೇರಿಯಲ್ಲಿ ಉಳಿದ ಒರಟು ಟೈಲ್ಸ್ ಹಾಸಿದೆವು. ಕಾವನ್ನು ಚೆನ್ನಾಗಿ ಹಿಡಿಯುತ್ತವೆ, ಒರೆಸೋದೂ ಸುಲಭ.

ಕಾವಿನ ವಿಷಯದಲ್ಲಿ ಅವಸರ ಬೇಡ. ಹಲ್ಲಿಗೆ ತನ್ನದೇ ಮೈಬಿಸಿ ಇಲ್ಲ. ಬಿಸಿ ಬೇಕಾದರೆ ಒಂದು ಕಡೆ, ತಂಪು ಬೇಕಾದರೆ ಇನ್ನೊಂದು ಕಡೆ ನಡೆದುಹೋಗುತ್ತದೆ. ಅದಕ್ಕೇ ತೊಟ್ಟಿಯ ಒಂದು ತುದಿಗೆ, ನೆಲದ ಮೂರನೇ ಒಂದು ಭಾಗದಷ್ಟಕ್ಕೆ ಮಾತ್ರ, ಅಡಿಯಲ್ಲಿ ಹೀಟ್ ಮ್ಯಾಟ್, ಅಂದರೆ ಕರೆಂಟಿನಲ್ಲಿ ಕಾಯುವ ತೆಳು ಹಾಳೆ, ಅಂಟಿಸಿ. ಆ ತುದಿಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 24ರಿಂದ 26. ಮ್ಯಾಟ್ ಜೊತೆ, ಕಾವು ಹೆಚ್ಚಾಗದಂತೆ ತಡೆಯುವ ಥರ್ಮೋಸ್ಟಾಟ್ ಬೇಕೇ ಬೇಕು. ‘ಸುಮ್ನೆ ಖರ್ಚು, ಬೇಕಿಲ್ಲ’ ಎಂದ ಅಂಗಡಿಯವನ ಮಾತು ನಂಬಿ ನಾನು ಅದಿಲ್ಲದೆ ತಂದಿದ್ದೆ. ಎರಡನೇ ದಿನ ಒಳಗೆ ಅಂಗೈ ಇಟ್ಟವಳು ಚುರ್ರೆಂದು ತೆಗೆದೆ. ಥರ್ಮಾಮೀಟರಿನಲ್ಲಿ 44 ಡಿಗ್ರಿ! ಪುಣ್ಯಕ್ಕೆ ಹಲ್ಲಿ ಇನ್ನೂ ಬಂದಿರಲಿಲ್ಲ. ಥರ್ಮೋಸ್ಟಾಟಿನ ಸೆನ್ಸರ್ ವೈರನ್ನು ಮ್ಯಾಟಿನ ನೇರ ಮೇಲೆ, ನೆಲಕ್ಕೆ ತಾಗುವಂತೆ ಟೇಪ್ ಹಾಕದೆ ಸಿಕ್ಕಿಸಿ. ಟೇಪಿನ ಅಂಟಿಗೆ ಹಲ್ಲಿಯ ಚರ್ಮ ಸಿಕ್ಕಿಕೊಂಡರೆ ಕಿತ್ತು ಬರುತ್ತದೆ.

ಬಚ್ಚಿಟ್ಟುಕೊಳ್ಳಲು ಮೂರು ಗೂಡು ಬೇಕು. ಬಿಸಿ ತುದಿಗೊಂದು, ತಂಪು ತುದಿಗೊಂದು, ನಡುವೆ ಒದ್ದೆಯದೊಂದು. ಉದ್ದಕ್ಕೆ ಸೀಳಿದ ಮಣ್ಣಿನ ಮಡಕೆ ಬೋರಲು ಹಾಕಿದರೂ ಆದೀತು, ಅಂಚು ಉಜ್ಜಿ ನಯ ಮಾಡಿ. ಒದ್ದೆ ಗೂಡಿಗೆ ಐಸ್‌ಕ್ರೀಮ್ ಡಬ್ಬಕ್ಕೆ ಬಾಗಿಲು ಕತ್ತರಿಸಿ, ಹಿಂಡಿದ ಕಿಚನ್ ಟವೆಲ್ ಹಾಕಿಡಿ. ಪೊರೆ ಬಿಡುವಾಗ ಅದು ಇಲ್ಲದಿದ್ದರೆ ಬೆರಳ ತುದಿಯಲ್ಲಿ ಪೊರೆ ಬಿಗಿದು, ಬೆರಳೇ ಸತ್ತುಹೋಗಬಹುದು. ನಮ್ಮದು ಪೊರೆ ಬಿಡುವ ದಿನ ಬಿಳಿಚಿಕೊಳ್ಳುತ್ತದೆ. ಆಮೇಲೆ ಕಾಲುಚೀಲ ಎಳೆದಂತೆ ಬಾಯಲ್ಲೇ ಎಳೆದು, ನುಂಗಿಬಿಡುತ್ತದೆ. ಅತ್ತೆ ಕುರ್ಚಿ ಹಾಕಿಕೊಂಡು ನೋಡುವ ಕಾರ್ಯಕ್ರಮ ಅದೊಂದೇ.

ಮುಂಬೈ ಕಡೆಯವರಿಗೆ ಬೇರೆಯದೇ ತಲೆನೋವು: ತೇವ. ತೊಟ್ಟಿಯೊಳಗೆ ತೇವಾಂಶ ಶೇ 30ರಿಂದ 40 ಇರಬೇಕು. ಇಲ್ಲಿ ಜುಲೈನಲ್ಲಿ ಹೊರಗೇ ಶೇ 80 ದಾಟುತ್ತದೆ. ಒದ್ದೆ ಗಾಳಿಯಲ್ಲೇ ಇದ್ದರೆ ಉಸಿರಾಟದ ಸೋಂಕು ಬರಬಹುದು. ಕಿಟಕಿಯಿಂದ ದೂರ ಇಡಿ, ನೀರಿನ ಬಟ್ಟಲನ್ನು ತಂಪು ತುದಿಗೆ ಸರಿಸಿ, ರೂಮಿನ ಎಸಿ ಇದ್ದರೆ ಡ್ರೈ ಮೋಡ್‌ನಲ್ಲಿ ಹಾಕಿ. ಮೇ ತಿಂಗಳಲ್ಲಿ ತಂಪು ತುದಿಯೇ ಬಿಸಿಯಾಗುತ್ತದೆ, ಆಗ ಬಟ್ಟೆ ಸುತ್ತಿದ ಐಸ್ ಬಾಟಲಿಯನ್ನು ಗಾಜಿನ ಹೊರಗೆ ಆನಿಸಿ. ಪುಣೆಯವರಿಗೆ ಈ ಕಾಟ ಕಮ್ಮಿ, ಚಳಿಗಾಲದ ರಾತ್ರಿಗಳದ್ದೇ ಚಿಂತೆ.

ವಾರದ ಪರೀಕ್ಷೆ ಅಂದೆನಲ್ಲ, ಬೆಳಿಗ್ಗೆ, ಮಧ್ಯಾಹ್ನ ಎರಡು ಗಂಟೆ, ರಾತ್ರಿ, ಎರಡೂ ತುದಿಯ ಅಂಕಿ ಬರೆದಿಡಿ. ನಮ್ಮ ಪಟ್ಟಿ ಇನ್ನೂ ಫ್ರಿಜ್ಜಿನ ಮೇಲಿದೆ. ಮಧ್ಯಾಹ್ನದ ಬಿಸಿಲು ನೇರ ತೊಟ್ಟಿಗೆ ಬೀಳುತ್ತದೆ ಎಂದು ಗೊತ್ತಾಗಿದ್ದು ಅದರಿಂದಲೇ. ಜಾಗ ಬದಲಿಸಿದೆವು.

ಊಟಕ್ಕೆ ಜೀವಂತ ಹುಳವೇ ಆಗಬೇಕು. ಸೊಪ್ಪು, ಹಣ್ಣು ನಡೆಯದು. ಇದಕ್ಕೆಂದೇ ಸಾಕಿದ ಕ್ರಿಕೆಟ್ ಹುಳ, ಡೂಬಿಯಾ ಜಾತಿಯ ಜಿರಳೆಗಳಿಗೆ ಹಿಂದಿನ ದಿನವೇ ಕ್ಯಾರೆಟ್ ತಿನ್ನಿಸಿ, ಕ್ಯಾಲ್ಸಿಯಂ ಪುಡಿ ಹಚ್ಚಿ ಹಾಕಬೇಕು. ಹುಳ ಹಲ್ಲಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ‘ಅಡುಗೆಮನೆಯಲ್ಲಿ ಜಿರಳೆಗೆ ಔಷಧಿ, ಹಾಲ್‌ನಲ್ಲಿ ಜಿರಳೆಗೆ ಕ್ಯಾರೆಟ್ಟು’ ಎಂದು ಅತ್ತೆ ಹೇಳಿದ್ದರಲ್ಲಿ ತಪ್ಪಿಲ್ಲ ಅಲ್ವಾ? ಮನೆಯ ಜಿರಳೆ ಮಾತ್ರ ಹಾಕಲೇಬೇಡಿ, ಔಷಧಿ ತಿಂದಿರುತ್ತದೆ. ಸೊಸೈಟಿಯವರು ಪೆಸ್ಟ್ ಕಂಟ್ರೋಲ್ ಮಾಡಿಸುವ ದಿನ ಹಲ್ಲಿಯನ್ನು ಬೇರೆ ಮನೆಗೆ ಸಾಗಿಸಿ.

ಬಂದ ಮೇಲೆ ಒಂದೆರಡು ವಾರ ಮುಟ್ಟಬೇಡಿ. ಮೊದಮೊದಲು ಊಟ ಬಿಟ್ಟರೆ ಗಾಬರಿ ಬೇಡ, ಕೊಬ್ಬು ಬಾಲದಲ್ಲಿರುತ್ತದೆ. ಬಾಲ ಸಣಕಲಾಗುತ್ತಾ ಬಂದರೆ ಮಾತ್ರ ಇಂಥ ಪ್ರಾಣಿ ನೋಡುವ ವೈದ್ಯರ ಹತ್ತಿರ ಓಡಿ. ಆ ವೈದ್ಯರ ನಂಬರ್ ಮೊದಲೇ ಹುಡುಕಿಟ್ಟಿರಿ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಹರಡಬಹುದು.

ಶುಚಿ ಮಾಡುವ ಕೆಲಸ ಅಂದುಕೊಂಡಷ್ಟಿಲ್ಲ. ಸಾಮಾನ್ಯವಾಗಿ ಅದು ಒಂದೇ ಮೂಲೆಯನ್ನು ಕಕ್ಕಸು ಮಾಡಿಕೊಳ್ಳುತ್ತದೆ. ನಮ್ಮದು ನಾಲ್ಕೇ ದಿನದಲ್ಲಿ ಮೂಲೆ ಗೊತ್ತುಮಾಡಿಕೊಂಡಿತು. ಅಲ್ಲಿ ಒಂದು ತುಂಡು ಟಿಶ್ಯೂ ಹಾಸಿ, ದಿನಾ ಬದಲಿಸಿದರಾಯಿತು. ಈಗ ಬದಲಿಸುವವರು ಅತ್ತೆ. ಮೊಮ್ಮಗ ಮರೆಯುತ್ತಾನಂತೆ.